ಹೈಟೆನ್ಷನ್ ಲೈನ್ ಬರುವ ಮುನ್ನ ಹೊಲದಡಿಯಲ್ಲಿ ಏನಿದೆ ಎಂದು ಕೇಳುವವರು ಯಾರು?

ಗಾಳಿ ಮತ್ತು ಬಿಸಿಲಿನಿಂದ ವಿದ್ಯುತ್ ತೆಗೆಯಲು ಕಂಪನಿಗಳು ಸಾಲುಗಟ್ಟಿ ಬರುತ್ತಿರುವುದು ಗದಗ, ಕೊಪ್ಪಳ, ಬಳ್ಳಾರಿ, ರಾಯಚೂರು ಜಿಲ್ಲೆಗಳ ಕಡೆಗೆ. ದಕ್ಷಿಣ ಭಾರತದ ನವಶಿಲಾಯುಗದ ಕುರುಹುಗಳು ದಟ್ಟವಾಗಿರುವುದೂ ಇದೇ ಬಯಲಿನಲ್ಲಿ. ಕುಡತಿನಿಯ ಬೂದಿದಿಬ್ಬ, ಸಂಗನಕಲ್ಲು-ಕಪ್ಪಗಲ್ಲಿನ ಬೆಟ್ಟಗಳು, ತೆಕ್ಕಲಕೋಟೆ, ಪಿಕ್ಲಿಹಾಳ, ಅಶೋಕನ ಹೆಸರಿರುವ ಶಾಸನ 1915ರಲ್ಲಿ ಸಿಕ್ಕ ಮಸ್ಕಿ, ನೂರಾರು ಕಲ್ಲುಮನೆಗಳ (ಚಪ್ಪಡಿ ನಿಲ್ಲಿಸಿ ಕಟ್ಟಿದ ಪ್ರಾಚೀನ ಸಮಾಧಿಗಳ) ಹಿರೇಬೆಣಕಲ್ ಎಲ್ಲವೂ ಇಲ್ಲಿವೆ. ಇದು ಆಕಸ್ಮಿಕವಲ್ಲ. ಕಾಡು ಕಡಿಮೆ, ಮಳೆ ಕಡಿಮೆ, ನಡುನಡುವೆ ಬಂಡೆಗಲ್ಲಿನ ಗುಡ್ಡ, ದನ ಮೇಯಿಸಲು ವಿಶಾಲ ಬಯಲು ಇದ್ದ ಕಾರಣಕ್ಕೆ ನಾಲ್ಕೈದು ಸಾವಿರ ವರ್ಷಗಳ ಹಿಂದಿನ ಜನ ಈ ಸೀಮೆಯನ್ನು ಆರಿಸಿಕೊಂಡರು. ಇವತ್ತು ಸೋಲಾರ್ ಫಲಕ ಹಾಸುವವರಿಗೂ ಗಾಳಿಯಂತ್ರ ನಿಲ್ಲಿಸುವವರಿಗೂ ಬೇಕಾಗಿರುವುದು ಇಂಥದ್ದೇ ನೆಲ.

ಉತ್ಪಾದನೆಯಾದ ವಿದ್ಯುತ್ತನ್ನು ಹೊರಗೆ ಸಾಗಿಸಲು ಲೈನ್ ಬೇಕು. 2030ರ ವೇಳೆಗೆ 500 ಗಿಗಾವ್ಯಾಟ್ ಪಳೆಯುಳಿಕೆಯೇತರ (ಕಲ್ಲಿದ್ದಲು, ತೈಲ, ಅನಿಲ ಬಿಟ್ಟ) ವಿದ್ಯುತ್ ಸಾಮರ್ಥ್ಯದ ಗುರಿಗಾಗಿ ಕೇಂದ್ರ ವಿದ್ಯುತ್ ಪ್ರಾಧಿಕಾರ 2022ರ ಡಿಸೆಂಬರ್‌ನಲ್ಲಿ ಹೊರತಂದ ಯೋಜನೆಯಲ್ಲಿ 50,890 ಸರ್ಕ್ಯೂಟ್ ಕಿಲೋಮೀಟರ್ (ಒಂದೇ ಟವರಿನಲ್ಲಿ ಜೋಡಿ ಸರ್ಕ್ಯೂಟ್ ಇದ್ದರೆ ಉದ್ದ ಎರಡು ಸಲ ಲೆಕ್ಕ) ಹೊಸ ಮಾರ್ಗದ ಲೆಕ್ಕವಿದೆ, ಅಂದಾಜು ವೆಚ್ಚ 2.44 ಲಕ್ಷ ಕೋಟಿ ರೂಪಾಯಿ. ಲೈನ್ ಬೇಡ ಎಂದು ಯಾರೂ ಹೇಳುತ್ತಿಲ್ಲ. ಲೈನ್ ಹಾಯುವ ನೆಲದಲ್ಲಿ ಏನಿದೆ ಎಂದು ಯಾವ ಹಂತದಲ್ಲಿ, ಯಾರು, ಹೇಗೆ ನೋಡಬೇಕು ಎಂಬುದು ಇಲ್ಲಿರುವ ಪ್ರಶ್ನೆ. ಈಗಿನ ಪದ್ಧತಿಯಲ್ಲಿ ನೋಡುವುದೇ ಆದರೆ ಅದು ತೀರಾ ತಡವಾಗಿ, ತೀರಾ ಕಿರಿದಾದ ಜಾಗದಲ್ಲಿ ನಡೆಯುತ್ತದೆ.

ಕಾಯ್ದೆಯ ಕಿಂಡಿ

ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ, ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ವಲಯ ಎಂಬುದು ಎಲ್ಲರಿಗೂ ಗೊತ್ತಿರುವ ನಿಯಮ. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿ ಇದಕ್ಕೆ ಈಗಿನ ರೂಪ ಕೊಟ್ಟಿತು. ಈ ದೂರವನ್ನು ಗುಡಿಯ ಗೋಡೆಯಿಂದ ಅಳೆಯುವುದಲ್ಲ, ಸಂರಕ್ಷಿತ ಪ್ರದೇಶದ ಗಡಿಯಿಂದ ಅಳೆಯಬೇಕು. ನಕ್ಷೆಯಲ್ಲಿ ಸ್ಮಾರಕವನ್ನು ಒಂದು ಚುಕ್ಕೆಯಾಗಿ ಗುರುತಿಸಿ ಅಲ್ಲಿಂದ 300 ಮೀಟರ್ ವೃತ್ತ ಎಳೆದ ವರದಿಗಳಲ್ಲಿ ತಪ್ಪು ಶುರುವಾಗುವುದೇ ಇಲ್ಲಿ. ಹತ್ತಾರು ಎಕರೆ ಹರಡಿರುವ ಸಮಾಧಿ ನೆಲೆಗೆ ನಡುಚುಕ್ಕೆಯಿಂದ ವೃತ್ತ ಎಳೆದರೆ ಅದರ ಅಂಚು ವೃತ್ತದಿಂದ ಹೊರಗೇ ಉಳಿಯಬಹುದು.

ಅದಕ್ಕಿಂತ ದೊಡ್ಡ ಸಂಗತಿ ಅದೇ ಕಾಯ್ದೆಯ ವ್ಯಾಖ್ಯಾನದ ಭಾಗದಲ್ಲಿದೆ. 'ನಿರ್ಮಾಣ' ಎಂದರೇನು ಎಂದು ಹೇಳುವ 2(ಡಿಸಿ) ಉಪಕಲಮು ಚರಂಡಿ, ಸಾರ್ವಜನಿಕ ಶೌಚಾಲಯ, ಕುಡಿಯುವ ನೀರಿನ ಕಾಮಗಾರಿಗಳ ಜೊತೆಗೆ ಸಾರ್ವಜನಿಕರಿಗೆ ವಿದ್ಯುತ್ ಪೂರೈಸುವ, ವಿತರಿಸುವ ಕೆಲಸವನ್ನೂ ನಿರ್ಮಾಣದ ಪಟ್ಟಿಯಿಂದ ಹೊರಗಿಟ್ಟಿದೆ. ಕೋಟೆಯೊಳಗಿನ ಊರಿಗೆ ಕಂಬ ಹಾಕಿ ಕರೆಂಟು ಕೊಡಲು ಅಡ್ಡಿಯಾಗದಿರಲಿ ಎಂಬ ಉದ್ದೇಶಕ್ಕೆ ಅದು ಸರಿಯೇ. ಆದರೆ ನೂರಾರು ಕಿಲೋಮೀಟರ್ ಆಚೆಗೆ ವಿದ್ಯುತ್ ಒಯ್ಯುವ 400 ಕೆವಿ (ಕಿಲೋವೋಲ್ಟ್) ಲೈನ್ ಕೂಡ 'ಸಾರ್ವಜನಿಕರಿಗೆ ಪೂರೈಕೆ' ಎಂಬ ಮಾತಿನೊಳಗೆ ಬರುತ್ತದೆಯೇ? ಎರಡೂ ಬಗೆಯಲ್ಲಿ ವಾದಿಸಲು ಅವಕಾಶವಿದೆ, ಮತ್ತು ತನಗೆ ಅನುಕೂಲವಾಗುವ ವಾದವನ್ನೇ ಕಂಪನಿಯ ವಕೀಲರು ಹಿಡಿಯುತ್ತಾರೆ. ಸಂರಕ್ಷಿತ ಪ್ರದೇಶದ ಒಳಗೇ ಅಗೆಯುವುದನ್ನೂ ಸಿಡಿಮದ್ದು ಇಡುವುದನ್ನೂ 19ನೇ ಕಲಮು ಬೇರೆಯಾಗಿ ನಿರ್ಬಂಧಿಸಿರುವುದರಿಂದ ಅಷ್ಟರ ಮಟ್ಟಿಗೆ ರಕ್ಷಣೆ ಇದೆ.

ಉಳಿದ ಕಾಯ್ದೆಗಳು? 2006ರ ಪರಿಸರ ಪರಿಣಾಮ ಅಧಿಸೂಚನೆಯ ಅನುಸೂಚಿಯಲ್ಲಿ ವಿದ್ಯುತ್ ಮಾರ್ಗಗಳೇ ಇಲ್ಲ. 2003ರ ವಿದ್ಯುತ್ ಕಾಯ್ದೆಯ 68ನೇ ಕಲಮಿನಡಿ ಅನುಮೋದನೆ ಪಡೆದು, 164ನೇ ಕಲಮಿನಡಿ ಟೆಲಿಗ್ರಾಫ್ ಕಾಯ್ದೆಯ ಅಧಿಕಾರ ಪಡೆದರೆ ಲೈನ್ ಎಳೆಯಲು ಜಮೀನನ್ನು ಸ್ವಾಧೀನ ಮಾಡಿಕೊಳ್ಳುವ ಅಗತ್ಯವಿಲ್ಲ, ಪರಿಹಾರ ಕೊಟ್ಟರೆ ಸಾಕು. ಸ್ವಾಧೀನವೇ ಇಲ್ಲವಾದ್ದರಿಂದ 2013ರ ಭೂಸ್ವಾಧೀನ ಕಾಯ್ದೆ ಕೇಳುವ ಸಾಮಾಜಿಕ ಪರಿಣಾಮ ಅಧ್ಯಯನವೂ ಇಲ್ಲ. ಅರಣ್ಯ ಭೂಮಿ ಸಿಕ್ಕಿದರೆ ಮಾತ್ರ ಅರಣ್ಯ ಅನುಮತಿಯ ನಮೂನೆಯಲ್ಲಿ ಈ ಪ್ರದೇಶದಲ್ಲಿ ಸಂರಕ್ಷಿತ ಪುರಾತತ್ವ ತಾಣವೋ ಮುಖ್ಯ ಸ್ಮಾರಕವೋ ಇದೆಯೇ ಎಂಬ ಒಂದು ಸಾಲಿನ ಪ್ರಶ್ನೆ ಇರುತ್ತದೆ. ಅದಕ್ಕೆ ಉತ್ತರ ಬರೆಯುವವರು ಅರಣ್ಯಾಧಿಕಾರಿ, ಅದೂ ಅರಣ್ಯದ ತುಂಡಿಗೆ ಮಾತ್ರ.

ಹೀಗಾಗಿ ಕೊಪ್ಪಳದ ಒಣಬೇಸಾಯದ ಹೊಲಗಳಲ್ಲಿ ಹಾಯುವ ಲೈನಿಗೆ 'ಈ ನೆಲದಲ್ಲಿ ಏನಿದೆ' ಎಂದು ಯಾವ ಕೇಂದ್ರ ಕಾಯ್ದೆಯೂ ಕಡ್ಡಾಯವಾಗಿ ಕೇಳುವುದಿಲ್ಲ. ಕೇಳುವವರು ಸಾಲ ಕೊಡುವವರು. ವಿಶ್ವಬ್ಯಾಂಕಿನ 8ನೇ ಪರಿಸರ-ಸಾಮಾಜಿಕ ಮಾನದಂಡ ಮತ್ತು ಅಂತರರಾಷ್ಟ್ರೀಯ ಹಣಕಾಸು ನಿಗಮದ 8ನೇ ಕಾರ್ಯಮಾನದಂಡ ಎರಡೂ ಪಾರಂಪರಿಕ ತಾಣಗಳಿಗೆ ಸಂಬಂಧಿಸಿದ್ದು. ಪಟ್ಟಿಯಲ್ಲಿ ಇಲ್ಲದ ತಾಣವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಎನ್ನುವುದು ಅವುಗಳ ಮುಖ್ಯ ಶರತ್ತು. ಕರ್ನಾಟಕದಲ್ಲಿ ಕೇಂದ್ರದ ರಕ್ಷಣೆಯಲ್ಲಿರುವ ಸ್ಮಾರಕಗಳು ಸುಮಾರು 500, ರಾಜ್ಯದ ಪಟ್ಟಿಯಲ್ಲಿ 800ಕ್ಕೂ ಹೆಚ್ಚು. ಊರೂರಿನ ವೀರಗಲ್ಲು, ಮಾಸ್ತಿಕಲ್ಲು, ಹಾಳೂರ ದಿಬ್ಬ, ಕಲ್ಲುವೃತ್ತಗಳಲ್ಲಿ ಬಹುಪಾಲು ಈ ಎರಡೂ ಪಟ್ಟಿಯಲ್ಲಿ ಇಲ್ಲ.

ಗುಂಡಿಗಿಂತ ದಾರಿ ದೊಡ್ಡದು

ಲೈನಿನಿಂದ ನೆಲಕ್ಕೆ ಆಗುವ ಹಾನಿ ಎಂದರೆ ಟವರಿನ ನಾಲ್ಕು ಕಾಲಿನ ಗುಂಡಿ ಎಂದೇ ಹೆಚ್ಚಿನವರ ಲೆಕ್ಕ. ಒಂದು ಅಂದಾಜು ಹಾಕಿ ನೋಡೋಣ. 100 ಕಿಲೋಮೀಟರ್ ಉದ್ದದ 400 ಕೆವಿ ಮಾರ್ಗ, ಎರಡು ಟವರುಗಳ ನಡುವೆ ಸರಾಸರಿ 400 ಮೀಟರ್, ಒಟ್ಟು 250 ಟವರು. ಪ್ರತಿ ಕಾಲಿಗೆ 3 ಮೀಟರ್ ಉದ್ದ, 3 ಮೀಟರ್ ಅಗಲ, 3 ಮೀಟರ್ ಆಳದ ಗುಂಡಿ ಎಂದುಕೊಂಡರೆ ಇಡೀ ಮಾರ್ಗದಲ್ಲಿ ಗುಂಡಿಯ ಬಾಯಿಯ ವಿಸ್ತೀರ್ಣ 9,000 ಚದರ ಮೀಟರ್. ಒಂದು ಹೆಕ್ಟೇರೂ ಆಗಲಿಲ್ಲ. ಈಗ ಪ್ರತಿ ಟವರಿಗೆ ಜಲ್ಲಿ, ಸಿಮೆಂಟು, ಉಕ್ಕು, ಕ್ರೇನು ಹೋಗಲು 4 ಮೀಟರ್ ಅಗಲದ ದಾರಿ ಸರಾಸರಿ 300 ಮೀಟರ್ ಬೇಕೆಂದು ಹಿಡಿಯಿರಿ. 30 ಹೆಕ್ಟೇರ್ ಆಯಿತು. ಗುಂಡಿಗಿಂತ ಮೂವತ್ತು ಪಟ್ಟು ಹೆಚ್ಚು ನೆಲ ಜೆಸಿಬಿ ಬಾಯಿಗೆ, ಟ್ರ್ಯಾಕ್ಟರ್ ಗಾಲಿಗೆ ಸಿಗುತ್ತದೆ. ಹೀಗಿದ್ದೂ ದಾರಿಯ ನಕ್ಷೆ ಪರಿಣಾಮ ವರದಿಗಳಲ್ಲಿ ಇರುವುದು ಅಪರೂಪ, ಏಕೆಂದರೆ ದಾರಿ ಎಲ್ಲಿ ಎಂದು ತೀರ್ಮಾನಿಸುವವನು ಉಪಗುತ್ತಿಗೆದಾರ, ತೀರ್ಮಾನ ಆಗುವುದು ಜಲ್ಲಿ ಬಂದ ದಿನ ಬೆಳಿಗ್ಗೆ.

ಈ ಸೀಮೆಯ ಬಹಳಷ್ಟು ತಾಣಗಳು ಆಳದಲ್ಲಿ ಇಲ್ಲ, ಮೇಲ್ಪದರದಲ್ಲೇ ಇವೆ. ಕಬ್ಬಿಣಯುಗದ ಕಲ್ಲುವೃತ್ತ ಎಂದರೆ ಕೆಲವು ಮೀಟರ್ ಅಗಲಕ್ಕೆ ದುಂಡಗೆ ಜೋಡಿಸಿದ ಗುಂಡುಕಲ್ಲುಗಳು, ನಡುವೆ ಸ್ವಲ್ಪ ಉಬ್ಬಿದ ಕಲ್ಲುರಾಶಿ. ಅರ್ಧ ಕಲ್ಲು ರೈತರ ಬದುವಿಗೆ ಹೋಗಿರುತ್ತದೆ, ಉಳಿದರ್ಧದ ಮೇಲೆ ಜಾಲಿ ಬೆಳೆದಿರುತ್ತದೆ. ಜೆಸಿಬಿ ಚಾಲಕನ ಕಣ್ಣಿಗೆ ಅದು ಸರಿಸಿ ಪಕ್ಕಕ್ಕೆ ಹಾಕಬೇಕಾದ ಕಲ್ಲುಗುಪ್ಪೆ, ಅಷ್ಟೇ. ಬೂದಿದಿಬ್ಬದ ಪಾಡು ಇನ್ನೂ ಕಷ್ಟ. ನವಶಿಲಾಯುಗದ ದನಗಾಹಿಗಳು ಗುಡ್ಡೆ ಹಾಕಿ ಸುಟ್ಟ ಸಗಣಿಯ ಬೂದಿ ಅದು. ಕೆಲವು ಕಡೆ ಬೆಂಕಿಯ ಕಾವಿಗೆ ಕರಗಿ ಕಿಟ್ಟದಂತೆ ಗಟ್ಟಿಯಾಗಿದೆ, ಕೆಲವು ಕಡೆ ಸಡಿಲ ಬೂದುಬಣ್ಣದ ಪುಡಿ. ಗೊಬ್ಬರಕ್ಕೆಂದು ಜನ ಅದನ್ನು ಬಹಳ ಕಾಲದಿಂದ ಹೊತ್ತೊಯ್ದಿದ್ದಾರೆ. ದಾರಿ ತುಂಬಲು ಹತ್ತಿರದಲ್ಲಿ ಮಣ್ಣು ಎಲ್ಲಿ ಸಿಗುತ್ತದೆ ಎಂದು ಕೇಳುವ ಗುತ್ತಿಗೆದಾರನಿಗೆ ಊರವರು ತೋರಿಸುವುದು ಇಂಥ ದಿಬ್ಬವನ್ನೇ.

ಗುಂಡಿಯ ಪಕ್ಕದಲ್ಲೇ ಇನ್ನೊಂದು ಅಗೆತ ಇದೆ, ಅದರ ಬಗ್ಗೆ ವಿದ್ಯುತ್ ಎಂಜಿನಿಯರುಗಳಿಗೆ ಗೊತ್ತು, ಪುರಾತತ್ವದವರಿಗೆ ಸಾಮಾನ್ಯವಾಗಿ ಗೊತ್ತಿಲ್ಲ. ಸಿಡಿಲು ಬಡಿದಾಗ ವಿದ್ಯುತ್ ನೆಲಕ್ಕಿಳಿಯಲು ಟವರಿನ ಬುಡದ ಭೂಸಂಪರ್ಕ ನಿರೋಧ 10 ಓಮ್ ಒಳಗೆ ಇರಬೇಕೆಂಬುದು ವಾಡಿಕೆಯ ಗುರಿ. ಎರೆಮಣ್ಣಿನಲ್ಲಿ ಒಂದು ಪೈಪು ಹೂತರೆ ಕೆಲಸ ಆಗುತ್ತದೆ. ಬಂಡೆನೆಲದಲ್ಲಿ ಆಗುವುದಿಲ್ಲ. ಆಗ ನಾಲ್ಕೂ ಕಾಲಿನಿಂದ ಹೊರಕ್ಕೆ ಹತ್ತಾರು ಮೀಟರ್ ಉದ್ದದ ಕಾಲುವೆ ತೋಡಿ ಜಿಐ ತಂತಿ ಹೂಳುತ್ತಾರೆ, ಇದಕ್ಕೆ ಕೌಂಟರ್‌ಪಾಯ್ಸ್ ಅರ್ಥಿಂಗ್ ಎನ್ನುತ್ತಾರೆ. ಕಲ್ಲುಮನೆಗಳೂ ವೃತ್ತಗಳೂ ಇರುವುದು ಬಂಡೆಗುಡ್ಡದ ಅಂಚಿನ ತೆಳುಮಣ್ಣಿನಲ್ಲಿ, ಅಂದರೆ ಈ ಕಾಲುವೆ ಬೇಕಾಗುವ ಜಾಗದಲ್ಲಿಯೇ. ಟವರಿನ ಬುಡದ ಚೌಕವನ್ನು ಮಾತ್ರ ಪರೀಕ್ಷಿಸಿ 'ಏನೂ ಇಲ್ಲ' ಎಂದು ಬರೆದ ವರದಿ ಈ ಕಾಲುವೆಗಳನ್ನು ನೋಡಿರುವುದಿಲ್ಲ.

ಬಂಡೆ ಗಟ್ಟಿಯಾಗಿದ್ದರೆ ಸಿಡಿಸುತ್ತಾರೆ. ಗಣಿ ಸುರಕ್ಷತಾ ಮಹಾನಿರ್ದೇಶನಾಲಯದ 1997ರ ಸುತ್ತೋಲೆ ಐತಿಹಾಸಿಕ ಕಟ್ಟಡಗಳ ಹತ್ತಿರ ಕಂಪನದ ವೇಗ 8 ಹರ್ಟ್ಸ್‌ಗಿಂತ ಕಡಿಮೆ ಆವರ್ತನದಲ್ಲಿ ಸೆಕೆಂಡಿಗೆ 2 ಮಿಲಿಮೀಟರ್, 8ರಿಂದ 25ರವರೆಗೆ 5, ಅದಕ್ಕೂ ಮೇಲೆ 10 ಮಿಲಿಮೀಟರ್ ಮೀರಬಾರದು ಎನ್ನುತ್ತದೆ. ಇದು ಗಣಿಗಳಿಗೆ ಮಾಡಿದ ನಿಯಮ, ಆದರೆ ಕೈಯಲ್ಲಿರುವ ಅಳತೆಗೋಲು ಅದೇ. ಗಾರೆಯಿಲ್ಲದೆ ಚಪ್ಪಡಿ ನಿಲ್ಲಿಸಿದ ಕಲ್ಲುಮನೆಯ ಸಮೀಪ ಸಿಡಿಮದ್ದಿನ ಗೋಜಿಗೇ ಹೋಗದೆ ಬ್ರೇಕರ್ ಯಂತ್ರವನ್ನೋ, ರಂಧ್ರದಲ್ಲಿ ತುಂಬಿದರೆ ಹಿಗ್ಗಿ ಕಲ್ಲು ಸೀಳುವ ರಾಸಾಯನಿಕ ಗಾರೆಯನ್ನೋ ಬಳಸುವುದು ಕ್ಷೇಮ.

ತಂತಿ ಎಳೆಯುವ ಹಂತವನ್ನು ಎಲ್ಲರೂ ಮರೆಯುತ್ತಾರೆ. 400 ಕೆವಿಗೆ ಹೆಚ್ಚಾಗಿ ಬಳಸುವ 'ಮೂಸ್' ವಾಹಕ ಕಿಲೋಮೀಟರಿಗೆ 2 ಟನ್ ತೂಗುತ್ತದೆ. ಒಂದೊಂದು ಡ್ರಮ್ಮಿನಲ್ಲಿ ಸುಮಾರು 1.8 ಕಿಲೋಮೀಟರ್, ಅಂದರೆ ತಂತಿಯೇ ಮೂರೂವರೆ ಟನ್ ದಾಟಿತು. ಡ್ರಮ್ಮುಗಳನ್ನು ಸಾಲಾಗಿ ಇಳಿಸಲು, ಎಳೆಯುವ ಯಂತ್ರ ಒಂದು ತುದಿಗೆ, ಬಿಗಿ ಹಿಡಿಯುವ ಯಂತ್ರ ಇನ್ನೊಂದು ತುದಿಗೆ ನಿಲ್ಲಿಸಲು ಕೆಲವು ಕಿಲೋಮೀಟರಿಗೊಮ್ಮೆ ಬೆಳೆಯಿಲ್ಲದ ಮಟ್ಟಸ ಜಾಗ ಬೇಕು. ಬೆಳೆ ಪರಿಹಾರ ಕೊಡದೆ ಸಿಗುವ ಅಂಥ ಜಾಗ ಗೋಮಾಳ, ಹಳೆಯ ಸಂತೆಮಾಳ, ಹಾಳೂರ ದಿಬ್ಬ. ಲೈನ್ ಮುಗಿದ ಮೇಲೂ ದಾರಿ ಉಳಿಯುತ್ತದೆ. ಗುಡ್ಡದ ನೆತ್ತಿಗೆ ಜೀಪು ಹತ್ತುವ ದಾರಿ ಆಯಿತೆಂದರೆ ನಿಧಿಗಳ್ಳರಿಗೂ ಕಲ್ಲುಕ್ವಾರಿಯವರಿಗೂ ಅದೇ ದಾರಿ.

ಸಮೀಕ್ಷೆ ಹೇಗಿರಬೇಕು

ಮೊದಲ ಕೆಲಸ ಕಡತದ್ದು. ಕೇಂದ್ರ, ರಾಜ್ಯ ಪಟ್ಟಿಗಳು ಸಾಲವು. ರಾಜ್ಯ ಪುರಾತತ್ವ ಇಲಾಖೆಯ ಗ್ರಾಮವಾರು ಸರ್ವೇಕ್ಷಣೆ, ಹಂಪಿ ಕನ್ನಡ ವಿಶ್ವವಿದ್ಯಾಲಯದ ಶಾಸನ ಸಂಪುಟಗಳು, 19ನೇ ಶತಮಾನದಲ್ಲಿ ರಾಬರ್ಟ್ ಬ್ರೂಸ್ ಫೂಟ್ ಬಳ್ಳಾರಿ ಸೀಮೆಯಲ್ಲಿ ಗುರುತಿಸಿದ ನೆಲೆಗಳು, ಉತ್ಖನನದ ವಾರ್ಷಿಕ ವರದಿಗಳು ಎಲ್ಲವನ್ನೂ ಮಾರ್ಗದ ಎರಡೂ ಬದಿ ಕನಿಷ್ಠ ಕೆಲವು ಕಿಲೋಮೀಟರ್ ಪಟ್ಟಿಗೆ ಹೊಂದಿಸಬೇಕು. ಹಳೆಯ ದಾಖಲೆಗಳಲ್ಲಿ ಅಕ್ಷಾಂಶ-ರೇಖಾಂಶ ಇರುವುದಿಲ್ಲ, 'ಊರಿನ ಪೂರ್ವಕ್ಕೆ ಒಂದು ಮೈಲಿ' ಎಂದಷ್ಟೇ ಇರುತ್ತದೆ. ಅದನ್ನು ನಕ್ಷೆಯಲ್ಲಿ ಅಂದಾಜಿನಿಂದ ಚುಕ್ಕೆ ಇಡದೆ, ಊರಿಗೆ ಹೋಗಿ ಸರ್ವೆ ನಂಬರು ಹಿಡಿದು ಗುರುತಿಸಬೇಕು.

ಎರಡನೆಯದು ಊರವರ ಬಾಯಿಂದ ಬರುವ ಹೊಲದ ಹೆಸರುಗಳು. ಹಿರೇಬೆಣಕಲ್ಲಿನ ಸಮಾಧಿ ನೆಲೆಯನ್ನು ಸುತ್ತಲಿನವರು ಮೋರೇರ ಗುಡ್ಡ ಎನ್ನುತ್ತಾರೆ. ಮೋರೇರ ಮನೆ, ಪಾಂಡವರ ಗುಡಿ, ಹಾಳೂರು, ಬೂದಿಗುಡ್ಡ, ವೀರಗಲ್ಲ ಹೊಲ ಇಂಥ ಹೆಸರು ಕಿವಿಗೆ ಬಿದ್ದಲ್ಲಿ ಏನೂ ಇಲ್ಲದಿರುವುದೇ ಅಪರೂಪ. ಕುರಿ ಕಾಯುವವರನ್ನೂ ಹೊಲ ಹರಗುವವರನ್ನೂ ಕೇಳಿದರೆ ಅರ್ಧ ದಿನದಲ್ಲಿ ಸಿಗುವ ಮಾಹಿತಿ ಉಪಗ್ರಹ ಚಿತ್ರದಲ್ಲಿ ಸಿಗದು.

ಮೂರನೆಯದು ಕಾಲ್ನಡಿಗೆ. 400 ಕೆವಿ ಮಾರ್ಗದ ಹಕ್ಕಿನ ಪಟ್ಟಿ (ತಂತಿಯ ಕೆಳಗೂ ಅಕ್ಕಪಕ್ಕವೂ ಲೈನಿಗೆ ಬಿಡಬೇಕಾದ ನೆಲ) 46 ಮೀಟರ್ ಅಗಲ, 220 ಕೆವಿಗೆ 35 ಮೀಟರ್, 765 ಕೆವಿ ಜೋಡಿ ಸರ್ಕ್ಯೂಟಿಗೆ 67 ಮೀಟರ್. ಐವರು 10 ಮೀಟರ್ ಅಂತರದಲ್ಲಿ ಸಾಲಾಗಿ ನಡೆದರೆ 46 ಮೀಟರ್ ಪಟ್ಟಿ ಕಣ್ಣಿಗೆ ಬೀಳುತ್ತದೆ. ಅದರ ಜೊತೆಗೆ ಉದ್ದೇಶಿತ ದಾರಿಗಳು, ಡ್ರಮ್ ಇಳಿಸುವ ಜಾಗ, ಸಬ್‌ಸ್ಟೇಷನ್ನಿನ ಇಡೀ ಆವರಣವನ್ನೂ ನಡೆಯಬೇಕು. ನೋಡಬೇಕಾದದ್ದು ಕಪ್ಪು-ಕೆಂಪು ಮಡಕೆಚೂರು, ನುಣುಪಾದ ಕರಿಕಲ್ಲಿನ ಕೊಡಲಿ, ಬಂಡೆಯ ಮೇಲೆ ಕಲ್ಲು ಮಸೆದ ತೋಡು, ಬೂದುಬಣ್ಣದ ಮಣ್ಣು, ಹೊಲದಲ್ಲಿ ಒಂದೆಡೆ ಮಾತ್ರ ಬೆಳೆ ದಟ್ಟವಾಗಿ ಹಸಿರಾಗಿರುವುದು. ಕಾಲ ಮುಖ್ಯ. ಜೋಳ, ಕಡಲೆ ಕೊಯ್ದು ಹೊಲ ಖಾಲಿಯಾದ ಮೇಲೆ, ಹರಗಿದ ನೆಲಕ್ಕೆ ಮೊದಲ ಮಳೆ ಬಿದ್ದು ಚೂರುಗಳು ತೊಳೆದು ಮೇಲೆ ಕಂಡಾಗ ನೋಡಿದರೆ ಸಿಗುವುದು, ಸೆಪ್ಟೆಂಬರಿನಲ್ಲಿ ಎದೆಮಟ್ಟದ ಬೆಳೆಯ ನಡುವೆ ನಡೆದರೆ ಸಿಗುವುದಿಲ್ಲ. ಗಡುವಿನ ಒತ್ತಡಕ್ಕೆ ಸಮೀಕ್ಷೆ ಎಷ್ಟೋ ಸಲ ನಡೆಯುವುದು ಆ ತಪ್ಪು ಕಾಲದಲ್ಲೇ. ವರದಿಯಲ್ಲಿ 'ಮೇಲ್ಮೈ ಕುರುಹು ಕಂಡುಬಂದಿಲ್ಲ' ಎಂದಿದ್ದರೆ ಮೊದಲು ಕೇಳಬೇಕಾದದ್ದು ಯಾವ ತಿಂಗಳಲ್ಲಿ ನಡೆದಿರಿ ಎಂದು.

ಯಂತ್ರಗಳ ಮೇಲೆ ಭರವಸೆ ಮಿತವಾಗಿರಲಿ. ನೆಲದೊಳಕ್ಕೆ ರೇಡಿಯೋ ತರಂಗ ಬಿಟ್ಟು ನೋಡುವ ರೇಡಾರ್ ಒದ್ದೆ ಎರೆಮಣ್ಣಿನಲ್ಲಿ ಬಲುಬೇಗ ಕುರುಡಾಗುತ್ತದೆ, ಜೇಡಿ ತರಂಗವನ್ನು ನುಂಗಿಬಿಡುತ್ತದೆ. ಕಾಂತಮಾಪಕಕ್ಕೆ ಕರಿಕಲ್ಲಿನ ಸೀಳುಗಳಿರುವ ನೆಲ ಗದ್ದಲ ಎಬ್ಬಿಸುತ್ತದೆ, ಪಕ್ಕದಲ್ಲಿ ಹಳೆಯ ಲೈನ್ ಇದ್ದರಂತೂ ಅದರ ಓದು ನಂಬುವಂತಿರುವುದಿಲ್ಲ. ಬೆಳಗಿನ ಅಥವಾ ಸಂಜೆಯ ಓರೆಬೆಳಕಿನಲ್ಲಿ ಡ್ರೋನ್ ಹಾರಿಸಿ ತೆಗೆದ ಚಿತ್ರ ಈ ಸೀಮೆಗೆ ಹೆಚ್ಚು ಉಪಯೋಗಿ, ಉಬ್ಬುತಗ್ಗಿನ ನೆರಳು ಅದರಲ್ಲಿ ಎದ್ದು ಕಾಣುತ್ತದೆ.

ತಾಣ ಸಿಕ್ಕಿತು ಎಂದಿಟ್ಟುಕೊಳ್ಳಿ. ಟವರ್ ಎಷ್ಟು ಸರಿಯಬಹುದು? ಲೈನಿನ ನೇರದಲ್ಲೇ ಹಿಂದೆ ಮುಂದೆ ಸರಿಸುವುದು ಹೆಚ್ಚು ಸುಲಭ, ಪಕ್ಕದ ಅಂತರಗಳನ್ನು ಹೊಂದಿಸಿ ತಂತಿಯ ಎತ್ತರ ಕಾಪಾಡಿದರೆ ಆಯಿತು. ಪಕ್ಕಕ್ಕೆ ಸರಿಸುವುದು ಬೇರೆ ಮಾತು. ತಂತಿಯನ್ನು ತೂಗಿ ಹಿಡಿಯುವುದಷ್ಟೇ ಕೆಲಸವಾದ ನೇರ ಸಾಲಿನ ತೂಗುಟವರು 2 ಡಿಗ್ರಿ ತಿರುವಿನವರೆಗೆ ಮಾತ್ರ ತಾಳುತ್ತದೆ. ಎರಡೂ ಬದಿ 400 ಮೀಟರ್ ಅಂತರವಿದ್ದಾಗ ನಡುವಿನ ಒಂದು ಟವರನ್ನು ಪಕ್ಕಕ್ಕೆ 7 ಮೀಟರ್ ಸರಿಸಿದರೆ ಆ 2 ಡಿಗ್ರಿ ಮುಗಿಯಿತು. ಅದಕ್ಕಿಂತ ಹೆಚ್ಚು ಬೇಕೆಂದರೆ 15, 30 ಅಥವಾ 60 ಡಿಗ್ರಿ ತಿರುವಿನಲ್ಲಿ ತಂತಿಯ ಎಳೆತ ತಾಳುವ ಬಿಗಿತದ ಟವರು ಬೇಕು. ಅದರ ಉಕ್ಕು ಹೆಚ್ಚು, ಅಡಿಪಾಯ ದೊಡ್ಡದು, ಆರ್ಡರ್ ಕೊಟ್ಟು ತಿಂಗಳುಗಟ್ಟಲೆ ಕಾಯಬೇಕು. ಕಾಮಗಾರಿ ಶುರುವಾದ ಮೇಲೆ ಕಲ್ಲುವೃತ್ತ ಸಿಕ್ಕರೆ 'ಸ್ವಲ್ಪ ಸರಿಸಿ' ಎನ್ನುವ ಮಾತು ಎಂಜಿನಿಯರಿಗೆ 7 ಮೀಟರಿನ ಆಚೆ ಬೇರೆಯೇ ಲೆಕ್ಕ. ಮಾರ್ಗ ಕಾಗದದಲ್ಲಿ ಇದ್ದಾಗ 2 ಕಿಲೋಮೀಟರ್ ತಿರುಗಿಸುವುದಕ್ಕಿಂತ ಗುಂಡಿ ತೋಡಿದ ಮೇಲೆ 20 ಮೀಟರ್ ಸರಿಸುವುದು ಕಷ್ಟ.

ಕಣ್ಣಿಗೆ ಕಾಣುವ ಹಾನಿ

ಅಗೆತದ ಹಾನಿ ನೂರಿನ್ನೂರು ಮೀಟರಿನೊಳಗೆ ಮುಗಿಯುತ್ತದೆ, ನೋಟದ ಹಾನಿ ಹಾಗಲ್ಲ. ಜೋಡಿ ಸರ್ಕ್ಯೂಟಿನ 400 ಕೆವಿ ಟವರಿನ ಎತ್ತರ ಸುಮಾರು 50 ಮೀಟರ್, ಹಂಪಿಯ ವಿರೂಪಾಕ್ಷನ ದೊಡ್ಡ ಗೋಪುರವೂ ಹೆಚ್ಚುಕಡಿಮೆ ಅಷ್ಟೇ. 50 ಮೀಟರಿನ ವಸ್ತು 1 ಕಿಲೋಮೀಟರಿನಲ್ಲಿ ಕಣ್ಣಿಗೆ ಸುಮಾರು 2.9 ಡಿಗ್ರಿ ಎತ್ತರ ಕಾಣುತ್ತದೆ, 5 ಕಿಲೋಮೀಟರಿನಲ್ಲಿ 0.6 ಡಿಗ್ರಿ, ಅಂದರೆ ಹುಣ್ಣಿಮೆ ಚಂದ್ರನಷ್ಟು. 100 ಮತ್ತು 200 ಮೀಟರಿನ ವೃತ್ತಗಳಿಗೆ ಇದರಲ್ಲಿ ಅರ್ಥವೇ ಇಲ್ಲ.

ಇದನ್ನು ಅಳೆಯುವ ಕ್ರಮ ಹೊಸದೇನಲ್ಲ. 30 ಮೀಟರ್ ಜಾಲರಿಯ ಭೂಎತ್ತರದ ದತ್ತಾಂಶ ಉಚಿತವಾಗಿ ಸಿಗುತ್ತದೆ. ಪ್ರತಿ ಟವರಿನ ನಿಜವಾದ ಎತ್ತರ ಕೊಟ್ಟು, ನೋಡುವವರ ಕಣ್ಣು ನೆಲದಿಂದ 1.6 ಮೀಟರ್ ಎಂದು ಹಿಡಿದು, ಭೂಮಿಯ ಬಾಗನ್ನೂ ಸೇರಿಸಿ (10 ಕಿಲೋಮೀಟರಿನಲ್ಲಿ ಅದು 7ರಿಂದ 8 ಮೀಟರ್ ಮರೆಮಾಡುತ್ತದೆ) ಎಲ್ಲಿಂದ ಎಷ್ಟು ಟವರು ಕಾಣುತ್ತವೆ ಎಂಬ ನಕ್ಷೆ ತೆಗೆಯಬಹುದು. ತಪ್ಪಾಗುವುದು ಎರಡು ಕಡೆ. ಮೊದಲನೆಯದು, ಸ್ಮಾರಕದಿಂದ ಟವರ್ ಕಾಣುತ್ತದೆಯೇ ಎಂದು ಮಾತ್ರ ನೋಡುವುದು. ಜನ ಸ್ಮಾರಕವನ್ನು ದೂರದಿಂದ ನೋಡುವ ಜಾಗಗಳಿರುತ್ತವೆ, ಅಲ್ಲಿಂದ ಗೋಪುರದ ಹಿಂದೆ ಟವರ್ ಎದ್ದು ನಿಂತರೆ ಅದೂ ಹಾನಿಯೇ. ಎರಡನೆಯದು, 'ಕಾಣುತ್ತದೆ' ಎಂಬುದನ್ನು ಒಂದೇ ತೂಕದಲ್ಲಿ ತೂಗುವುದು. ಗುಡ್ಡದ ಹಿನ್ನೆಲೆಯಲ್ಲಿ ನಿಂತ ಟವರ್ 3 ಕಿಲೋಮೀಟರಿನಲ್ಲಿ ಕರಗಿಹೋಗುತ್ತದೆ, ಗುಡ್ಡದ ನೆತ್ತಿಯ ಮೇಲೆ ಆಕಾಶಕ್ಕೆ ಎದುರಾಗಿ ನಿಂತದ್ದು 8 ಕಿಲೋಮೀಟರಿನಲ್ಲೂ ಕಣ್ಣಿಗೆ ಚುಚ್ಚುತ್ತದೆ. ಬ್ರಿಟನ್ನಿನಲ್ಲಿ 1959ರಲ್ಲಿ ಹೊಲ್ಫೋರ್ಡ್ ರೂಪಿಸಿದ ಮಾರ್ಗ ನಿಯಮಗಳು ಸಾಧ್ಯವಾದಷ್ಟೂ ಆಕಾಶದ ಬದಲು ಬೆಟ್ಟದ ಹಿನ್ನೆಲೆ ಆರಿಸಿ ಎನ್ನುತ್ತವೆ, ಇವತ್ತಿಗೂ ಅದಕ್ಕಿಂತ ಅಗ್ಗದ ಉಪಾಯ ಇಲ್ಲ.

ಹಿರೇಬೆಣಕಲ್ 2021ರಿಂದ ಯುನೆಸ್ಕೋದ ವಿಶ್ವಪರಂಪರೆಯ ತಾತ್ಕಾಲಿಕ ಪಟ್ಟಿಯಲ್ಲಿದೆ. ವಿಶ್ವಪರಂಪರೆಯ ತಾಣಗಳ ವಿಷಯದಲ್ಲಿ ಕಾಮಗಾರಿಗೆ ಮೊದಲೇ ಪರಿಣಾಮದ ಮೌಲ್ಯಮಾಪನ ಆಗಬೇಕೆಂಬ ನಿಯಮವಿದೆ, 2022ರಲ್ಲಿ ಅದಕ್ಕೆ ಹೊಸ ಕೈಪಿಡಿಯೂ ಬಂದಿದೆ. ಮೊದಲೇ ನೋಡದಿದ್ದರೆ ಏನಾಗುತ್ತದೆ ಎಂಬುದನ್ನು ಹಂಪಿಯಲ್ಲೇ ಕಂಡಿದ್ದೇವೆ. ಆನೆಗೊಂದಿ ಸೇತುವೆಯ ಕಾರಣಕ್ಕೆ 1999ರಲ್ಲಿ ಹಂಪಿ ಅಪಾಯದ ಪಟ್ಟಿಗೆ ಸೇರಿತು, ಹೊರಬಂದದ್ದು 2006ರಲ್ಲಿ. ಸೇತುವೆ 2009ರಲ್ಲಿ ಕುಸಿದುಬಿತ್ತು.

ನೆಲದಡಿ ಕೇಬಲ್ ಹಾಕಿದರಾಯಿತಲ್ಲ ಎಂಬ ಸಲಹೆ ಪ್ರತಿ ಸಭೆಯಲ್ಲೂ ಬರುತ್ತದೆ. ನೋಟಕ್ಕೆ ಅದು ಒಳ್ಳೆಯದು, ನೆಲಕ್ಕೆ ಕೆಟ್ಟದ್ದು. ಟವರು 400 ಮೀಟರಿಗೊಮ್ಮೆ ನೆಲ ಮುಟ್ಟುತ್ತದೆ, ಕೇಬಲ್ಲಿನ ಕಾಲುವೆ ಪ್ರತಿ ಮೀಟರನ್ನೂ ಸೀಳುತ್ತದೆ, ಜೊತೆಗೆ ಯಂತ್ರ ಓಡಾಡಲು ಹತ್ತಾರು ಮೀಟರ್ ಪಟ್ಟಿಯ ಮೇಲ್ಮಣ್ಣು ತೆಗೆಯಬೇಕು. ಇಂಗ್ಲೆಂಡಿನ ಡಾರ್ಸೆಟ್‌ನಲ್ಲಿ ವಿಂಟರ್‌ಬೋರ್ನ್ ಆಬಸ್ ಬಳಿ 22 ಟವರು ಕಿತ್ತು 8.8 ಕಿಲೋಮೀಟರ್ ಲೈನನ್ನು ನೆಲದಡಿಗೆ ಇಳಿಸಿದರು. ಪ್ರಾಗೈತಿಹಾಸಿಕ ಸಮಾಧಿದಿಬ್ಬಗಳ ಸೀಮೆ ಅದು, ಹಾಗಾಗಿ ಕಾಲುವೆಗೆ ಮುಂಚೆ ಪುರಾತತ್ವದ ಅಗೆತವನ್ನೂ ಯೋಜನೆಯ ಭಾಗವಾಗಿ ಮಾಡಬೇಕಾಯಿತು. ಗುಡಿಯ ಎದುರಿನ ಒಂದು ಕಿಲೋಮೀಟರಿಗೆ ಕೇಬಲ್ ಒಪ್ಪಬಹುದು, ಕಲ್ಲುವೃತ್ತಗಳ ಬಯಲಿಗೆ ಒಪ್ಪುವಂತಿಲ್ಲ.

ಲೈನ್ ನಿಂತ ಮೇಲೆ ಕೋರ್ಟು

ತಡವಾಗಿ ಕೇಳಿದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ವರ್ಜೀನಿಯಾದ ಪ್ರಕರಣ ನೋಡಬೇಕು. 1607ರಲ್ಲಿ ಇಂಗ್ಲಿಷರು ನೆಲೆಯೂರಿದ ಜೇಮ್ಸ್‌ಟೌನ್ ಸಮೀಪ ಜೇಮ್ಸ್ ನದಿಯ ಮೇಲೆ 500 ಕೆವಿ ಲೈನ್, ನದಿಯೊಳಗೇ 17 ಟವರು, ಅತಿ ಎತ್ತರದ್ದು 295 ಅಡಿ. ಡೊಮಿನಿಯನ್ ಕಂಪನಿಗೆ ಸೇನಾ ಎಂಜಿನಿಯರಿಂಗ್ ದಳ 2017ರ ಜುಲೈಯಲ್ಲಿ ಅನುಮತಿ ಕೊಟ್ಟಿತು. ಹಾನಿಗೆ ಪರಿಹಾರವಾಗಿ ಸುಮಾರು 9 ಕೋಟಿ ಡಾಲರಿನ ಪರಂಪರೆ ಸಂರಕ್ಷಣೆಯ ಒಪ್ಪಂದವೂ ಆಯಿತು. ಆದರೆ ಪೂರ್ಣ ಪ್ರಮಾಣದ ಪರಿಸರ ಪರಿಣಾಮ ವರದಿ ಮಾಡಲಿಲ್ಲ. 2019ರ ಫೆಬ್ರುವರಿಯಲ್ಲಿ ಲೈನಿಗೆ ವಿದ್ಯುತ್ ಹರಿಯಿತು. ಮಾರ್ಚ್ 1ರಂದು ಮೇಲ್ಮನವಿ ನ್ಯಾಯಾಲಯ ಪೂರ್ಣ ವರದಿ ಮಾಡಲೇಬೇಕಿತ್ತು ಎಂದು ತೀರ್ಪಿತ್ತಿತು. ಟವರುಗಳು ಉಳಿದವು. ವರದಿ ಆಗುವವರೆಗೆ ಲೈನ್ ಹಾಗೆಯೇ ಇರಲಿ ಎಂದು ಕೆಳಗಿನ ನ್ಯಾಯಾಲಯ ಅದೇ ನವೆಂಬರಿನಲ್ಲಿ ಹೇಳಿತು. ಗೆದ್ದವರಿಗೆ ಸಿಕ್ಕಿದ್ದು ಕಾಗದ.

ಅರಿಜೋನಾದ ಸನ್‌ಝಿಯಾ ಲೈನಿನಲ್ಲಿ ಪ್ರಶ್ನೆ ಇನ್ನೊಂದು ಹೆಜ್ಜೆ ಮುಂದಿನದು. ಬಿಡಿಬಿಡಿ ತಾಣಗಳನ್ನಲ್ಲ, ಸ್ಯಾನ್ ಪೆಡ್ರೊ ಕಣಿವೆಯನ್ನೇ ಇಡಿಯಾಗಿ ಒಂದು ಸಾಂಸ್ಕೃತಿಕ ತಾಣವೆಂದು ನೋಡಬೇಕೆಂದು ಅಲ್ಲಿನ ಮೂಲನಿವಾಸಿಗಳಾದ ಟೊಹೊನೊ ಓಡಮ್ ಮತ್ತು ಸ್ಯಾನ್ ಕಾರ್ಲೊಸ್ ಅಪಾಚೆ ಜನ 2024ರ ಜನವರಿಯಲ್ಲಿ ದಾವೆ ಹೂಡಿದರು. ವಜಾ ಆಗಿದ್ದ ಆ ದಾವೆಗೆ 2025ರ ಮೇ ತಿಂಗಳಲ್ಲಿ ಮೇಲ್ಮನವಿ ನ್ಯಾಯಾಲಯ ಮತ್ತೆ ಜೀವ ಕೊಟ್ಟಿತು. ಕಾಮಗಾರಿ ಶುರುವಾಗಿದ್ದು 2023ರಲ್ಲೇ.

ನಮ್ಮಲ್ಲಿ ತಡವಾಗುವುದಕ್ಕೆ ಟೆಂಡರಿನ ಕ್ರಮವೇ ಕಾರಣ. ದರದ ಸ್ಪರ್ಧೆಯಲ್ಲಿ ಗೆದ್ದ ಕಂಪನಿಗೆ ಯೋಜನೆ ಹೋಗುತ್ತದೆ. ಟೆಂಡರಿಗೆ ಮುಂಚಿನ ಸರ್ವೆಯಲ್ಲಿ ಪರ್ಯಾಯ ಮಾರ್ಗಗಳನ್ನು ತೋರಿಸಿರುತ್ತಾರೆ, ಆದರೆ ಅವು ಸೂಚನೆಗಷ್ಟೇ, ನಿಜವಾದ ಮಾರ್ಗ ಗೆದ್ದವರ ಆಯ್ಕೆ. ಆ ಹೊತ್ತಿಗೆ ದರ ನಿಗದಿಯಾಗಿದೆ, ಗಡುವಿನ ಗಡಿಯಾರ ಓಡುತ್ತಿದೆ, ಪ್ರತಿ ತಿರುವೂ ಅವರ ಲಾಭದಿಂದ ಕಳೆಯುವ ಹಣ. ಪುರಾತತ್ವದ ಕಡತ ಪರಿಶೀಲನೆ, ಊರಿನ ವಿಚಾರಣೆ, ನೋಟದ ನಕ್ಷೆ ಈ ಮೂರನ್ನೂ ಟೆಂಡರಿಗೆ ಮುಂಚೆಯೇ ಮಾಡಿ, 'ಈ ತುಂಡುಗಳಲ್ಲಿ ಹಾಯುವಂತಿಲ್ಲ' ಎಂಬ ನಕ್ಷೆಯನ್ನು ದಾಖಲೆಯ ಜೊತೆ ಕೊಟ್ಟರೆ ಎಲ್ಲ ಸ್ಪರ್ಧಿಗಳೂ ಅದನ್ನು ಲೆಕ್ಕಕ್ಕೆ ಹಿಡಿದೇ ದರ ಹಾಕುತ್ತಾರೆ. ಇದಕ್ಕೆ ಹೊಸ ಕಾಯ್ದೆ ಬೇಕಿಲ್ಲ.

ಅಗೆಯುವಾಗ ಅನಿರೀಕ್ಷಿತವಾಗಿ ಸಿಕ್ಕರೆ ಎಂಬುದಕ್ಕೂ ಗುತ್ತಿಗೆಯಲ್ಲೇ ಉತ್ತರವಿರಬೇಕು. 'ಕೆಲಸ ನಿಲ್ಲಿಸಿ ಇಲಾಖೆಗೆ ತಿಳಿಸುವುದು' ಎಂಬ ಒಂದು ಸಾಲು ಎಲ್ಲ ಗುತ್ತಿಗೆಗಳಲ್ಲೂ ಇರುತ್ತದೆ, ಪಾಲನೆ ಆಗುವುದಿಲ್ಲ. ಉಪಗುತ್ತಿಗೆದಾರನಿಗೆ ಹಣ ಸಿಗುವುದು ಮುಗಿದ ಅಡಿಪಾಯದ ಲೆಕ್ಕದಲ್ಲಿ. ನಿಲ್ಲಿಸಿದರೆ ಕೂಲಿ, ಯಂತ್ರದ ಬಾಡಿಗೆ ಅವನ ತಲೆಯ ಮೇಲೆ. ಹಾಗಾಗಿ ಮಡಕೆ ಕಂಡರೆ ಅದೇ ರಾತ್ರಿ ಕಾಂಕ್ರೀಟು ಬೀಳುತ್ತದೆ. ನಿಂತ ದಿನಗಳಿಗೆ ದಿನಗೂಲಿ ಕೊಡುವ ಷರತ್ತು, ಸುತ್ತ 25 ಮೀಟರ್ ಹಗ್ಗ ಕಟ್ಟುವ ನಿಯಮ, ಯಾರಿಗೆ ಫೋನ್ ಮಾಡಬೇಕು ಎಂಬ ಒಂದೇ ನಂಬರು, ಪುರಾತತ್ವದವರು ಇಂತಿಷ್ಟು ದಿನದಲ್ಲಿ ಬಂದು ನೋಡಿ ತೀರ್ಮಾನ ಹೇಳುವ ಗಡುವು, ಇಷ್ಟು ಇದ್ದರೆ ಮಾತ್ರ ಆ ಸಾಲಿಗೆ ಬೆಲೆ. ಗುಂಡಿ ತೋಡುವ ಕೂಲಿಗಳಿಗೆ ಕೆಲಸಕ್ಕೆ ಮುಂಚೆ ಬೂದಿಮಣ್ಣು, ಮಡಕೆಚೂರು, ಕಲ್ಲುಕೊಡಲಿಯ ಚಿತ್ರಗಳನ್ನು ಕನ್ನಡದಲ್ಲೂ, ಬೇರೆ ರಾಜ್ಯದಿಂದ ಬಂದವರಾದರೆ ಹಿಂದಿಯಲ್ಲೂ ಬಂಗಾಳಿಯಲ್ಲೂ ತೋರಿಸಬೇಕು.

ಲೈನಿಗೆ ಅನುಮೋದನೆ ಕೋರುವಾಗ ಹಾಯುವ ಹಳ್ಳಿಗಳ ಹೆಸರುಗಳನ್ನು ಪತ್ರಿಕೆಯಲ್ಲಿ ಪ್ರಕಟಿಸಿ ಆಕ್ಷೇಪಣೆ ಕರೆಯುತ್ತಾರೆ. ಊರಿನ ಇತಿಹಾಸ ಬಲ್ಲವರು, ತಾಲ್ಲೂಕಿನ ಕಾಲೇಜಿನ ಇತಿಹಾಸ ಮೇಷ್ಟ್ರು ನೋಡಬೇಕಾದದ್ದು ಆ ಪಟ್ಟಿ. ಆಕ್ಷೇಪಣೆಯಲ್ಲಿ 'ನಮ್ಮ ಊರು ಐತಿಹಾಸಿಕ' ಎಂದಷ್ಟೇ ಬರೆದರೆ ಉತ್ತರ ಬರುವುದಿಲ್ಲ. ಸರ್ವೆ ನಂಬರು, ಮೊಬೈಲಿನಲ್ಲಿ ತೆಗೆದ ಅಕ್ಷಾಂಶ-ರೇಖಾಂಶ, ಅಳತೆಗೆ ಒಂದು ಕೋಲು ಇಟ್ಟು ತೆಗೆದ ನಾಲ್ಕು ಫೋಟೊ, ತಾಣ ಎಷ್ಟು ದೂರ ಹರಡಿದೆ ಎಂಬ ಸುತ್ತಳತೆ ಇಷ್ಟು ಲಗತ್ತಿಸಬೇಕು. ಜೊತೆಗೆ ಕೇಳಬೇಕಾದ ಕಾಗದಗಳು ಮೂರು: ಟವರ್ ನಂಬರುಗಳಿರುವ ಮಾರ್ಗದ ಕೆಎಂಎಲ್ ಕಡತ (ಗೂಗಲ್ ಅರ್ಥ್‌ನಂಥ ನಕ್ಷೆಯಲ್ಲಿ ತೆರೆಯುವಂಥದ್ದು), ಯಾವ ಟವರಿಗೆ ಯಾವ ಅಡಿಪಾಯ ಮತ್ತು ಯಾವ ಅರ್ಥಿಂಗ್ ಎಂಬ ಪಟ್ಟಿ, ದಾರಿ ಮತ್ತು ಡ್ರಮ್ ಜಾಗಗಳ ನಕ್ಷೆ. ಮೂರನೆಯದು ಇನ್ನೂ ಆಗಿಲ್ಲ ಎಂಬ ಉತ್ತರ ಬಂದರೆ, ಅದು ಆಗುವವರೆಗೆ ಆ ಹಳ್ಳಿಯ ತುಂಡಿನಲ್ಲಿ ಕೆಲಸ ಶುರುಮಾಡಬಾರದೆಂದು ಜಿಲ್ಲಾಧಿಕಾರಿಗೆ ಬರೆದುಕೊಡಬಹುದು.